ದಿನನಿತ್ಯದ ಅಭ್ಯಾಸಗಳಿಂದ ಹೃದಯ ಬಡಿತದ ಲಯ ನಿಜಕ್ಕೂ ಕೆಡುತ್ತದೆಯೇ?

ಕೆಡಬಹುದು, ಆದರೆ ಎಲ್ಲ ಅಭ್ಯಾಸಗಳ ಪಾತ್ರ ಒಂದೇ ತೂಕದ್ದಲ್ಲ. ಬಲ ಹೃತ್ಕರ್ಣದಲ್ಲಿರುವ (ಹೃದಯದ ಮೇಲಿನ ಬಲ ಕೋಣೆ) ಸೈನಸ್ ನೋಡ್ ಎಂಬ ಜೀವಕೋಶಗಳ ಗುಂಪು, ನಾವು ವಿಶ್ರಾಂತಿಯಲ್ಲಿರುವಾಗ ನಿಮಿಷಕ್ಕೆ ಸಾಮಾನ್ಯವಾಗಿ 60ರಿಂದ 100 ಬಾರಿ ವಿದ್ಯುತ್ ಸಂಕೇತ ಹೊರಡಿಸುತ್ತದೆ. ಆ ಸಂಕೇತ ಸಾಗುವ ಸ್ನಾಯು ಹಿಗ್ಗಿದರೆ ಅಥವಾ ಅದರಲ್ಲಿ ಗಾಯದ ಕಲೆಯಂಥ ನಾರಿನ ಅಂಗಾಂಶ ಬೆಳೆದರೆ, ಹೃತ್ಕರ್ಣಗಳು ಅಡ್ಡಾದಿಡ್ಡಿ ಕಂಪಿಸುವ ಏಟ್ರಿಯಲ್ ಫಿಬ್ರಿಲೇಷನ್‌ಗೆ ದಾರಿಯಾಗುತ್ತದೆ. ಅಧಿಕ ರಕ್ತದೊತ್ತಡ ಮತ್ತು ಬೊಜ್ಜು ವರ್ಷಗಟ್ಟಲೆ ಸದ್ದಿಲ್ಲದೆ ಮಾಡುವುದು ಇದನ್ನೇ.

ಮದ್ಯದ ಪರಿಣಾಮ ಇನ್ನೂ ನೇರ. ವಿಪರೀತ ಕುಡಿದ ಬಳಿಕ, ಹೃದ್ರೋಗದ ಲಕ್ಷಣಗಳಿಲ್ಲದವರಲ್ಲೂ ಲಯ ತಪ್ಪುವುದನ್ನು ಗಮನಿಸಿದ ವೈದ್ಯರು 1978ರಲ್ಲೇ ಅದನ್ನು ‘ಹಾಲಿಡೇ ಹಾರ್ಟ್’ ಎಂದು ಕರೆದರು.

ಜನ ಅತಿ ಹಗುರವಾಗಿ ಕಾಣುವುದು, ನನ್ನ ಅಭಿಪ್ರಾಯದಲ್ಲಿ, ಗೊರಕೆಯನ್ನು. ಅದು ನಿದ್ದೆಯಲ್ಲಿ ಉಸಿರು ಮತ್ತೆ ಮತ್ತೆ ನಿಲ್ಲುವ ಸ್ಲೀಪ್ ಆಪ್ನಿಯಾದ ಲಕ್ಷಣವಿರಬಹುದು. ಈ ತೊಂದರೆ ಇರುವವರಲ್ಲಿ ಗಂಟಲು ಮುಚ್ಚಿಕೊಂಡು ಉಸಿರು ಕಟ್ಟಿದಾಗ, ಗಾಳಿಗಾಗಿ ಎದೆ ಜಗ್ಗಿ ಹೃತ್ಕರ್ಣದ ತೆಳುಗೋಡೆ ಎಳೆತಕ್ಕೆ ಸಿಲುಕುತ್ತದೆ, ರಕ್ತದ ಆಮ್ಲಜನಕ ಇಳಿಯುತ್ತದೆ, ಅಡ್ರಿನಲಿನ್ ಏರುತ್ತದೆ. ರಾತ್ರಿಯಿಡೀ ಇದೇ ಮರುಕಳಿಸುತ್ತದೆ.

ಕಾಫಿಯ ಮೇಲಿನ ಆರೋಪ ಮಾತ್ರ ಬಹುಮಟ್ಟಿಗೆ ಉತ್ಪ್ರೇಕ್ಷೆ: ಮಿತವಾಗಿ ಕುಡಿದರೆ ಹೆಚ್ಚಿನವರಿಗೆ ತೊಂದರೆಯಿಲ್ಲ, ಎನರ್ಜಿ ಡ್ರಿಂಕ್‌ಗಳಿಗೆ ಈ ಮಾತು ಅನ್ವಯಿಸದು. ನಿಯಮಿತ ನಡಿಗೆ ಲಯವನ್ನು ಕಾಯುತ್ತದೆ. ದಶಕಗಳ ಅತಿ ಕಠಿಣ ಓಟದ ಅಭ್ಯಾಸ ಕೆಲವರಲ್ಲಿ ವ್ಯತಿರಿಕ್ತವಾಗಬಹುದು.

ಬಡಿತ ತಪ್ಪುವುದರ ಜೊತೆಗೆ ಎದೆನೋವು, ಉಸಿರಾಟದ ತೊಂದರೆ ಅಥವಾ ಪ್ರಜ್ಞೆ ತಪ್ಪುವುದು ಕಂಡುಬಂದರೆ ಅಭ್ಯಾಸ ತಿದ್ದಿಕೊಳ್ಳುತ್ತಾ ಕಾಯದೆ ತಕ್ಷಣ ಆಸ್ಪತ್ರೆಗೆ ಹೋಗಿ ಇಸಿಜಿ ಮಾಡಿಸಬೇಕು.