ಮೀಟರಿಗೆ ಕಾಣದ ಸಕ್ಕರೆ

ತಿಪಟೂರಿನ ಓದುಗರೊಬ್ಬರು ಬರೆದಿದ್ದಾರೆ: "ಹಿಂದಿನ ಸಂಚಿಕೆಯಲ್ಲಿ 'ಹಣ್ಣಿನ ಸಕ್ಕರೆಯೂ ಸಕ್ಕರೆಯೇ' ಅಂತ ಒಂದು ಸಾಲು ಹಾಕಿ ಕೈ ತೊಳೆದುಕೊಂಡಿದ್ದೀರಿ. ನಮ್ಮ ಅಕ್ಕನಿಗೆ ಹನ್ನೊಂದು ವರ್ಷದಿಂದ ಶುಗರ್. ಅವರ ಮಗ ಬೆಂಗಳೂರಿನಿಂದ ಫ್ರಕ್ಟೋಸ್ ಪುಡಿ, ಅದೇ ಹಣ್ಣಿನ ಸಕ್ಕರೆ, ತಂದುಕೊಟ್ಟಿದ್ದಾನೆ. ಅದನ್ನು ಹಾಕಿ ಕಾಫಿ ಕುಡಿದ ದಿನ ಮೀಟರಿನಲ್ಲಿ ಅಷ್ಟೇನೂ ಏರುವುದಿಲ್ಲ, ಸಕ್ಕರೆ ಹಾಕಿದ ದಿನ ಏರುತ್ತದೆ. ಎರಡೂ ಸಕ್ಕರೆಯೇ ಆದರೆ ಮೀಟರ್ ಸುಳ್ಳು ಹೇಳುತ್ತಾ? ಇನ್ನೊಂದು ವಿಷಯ. ಪ್ಯಾಕೆಟ್ ಮೇಲೆ ಸಕ್ಕರೆಗಿಂತ ಒಂದೂವರೆ ಪಟ್ಟು ಸಿಹಿ ಅಂತ ಬರೆದಿದೆ, ಕಾಫಿಗೆ ಎರಡು ಚಮಚ ಸುರಿದರೂ ಅಕ್ಕ ಸಪ್ಪೆ ಅಂತಾರೆ. ಜೇನುತುಪ್ಪ, ಬೆಲ್ಲ, ಮಾವಿನಹಣ್ಣಿನ ಕಥೆ ಏನು? ಸ್ವಲ್ಪ ಬಿಡಿಸಿ ಬರೆಯಿರಿ."

ನೀವು ಬೈದದ್ದು ಸರಿಯಾಗಿಯೇ ಇದೆ. ಪುಟದಲ್ಲಿ ಜಾಗ ಉಳಿದಿರಲಿಲ್ಲ, ಒಂದು ಸಾಲು ಹಾಕಿ ಮುಗಿಸಿದ್ದು ನಾನೇ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ: ನಾನು ಡಾಕ್ಟರ್ ಅಲ್ಲ, ಬಿ.ಎಸ್‌ಸಿಯಲ್ಲಿ ಕೆಮಿಸ್ಟ್ರಿ ಓದಿ ಆಮೇಲೆ ಪತ್ರಿಕೆಗೆ ಬಂದವನು. ಅಕ್ಕನವರ ಮಾತ್ರೆ, ಅಳತೆ ಎಲ್ಲ ಅವರನ್ನು ನೋಡುವ ಡಾಕ್ಟರಿಗೆ ಸೇರಿದ್ದು.

ಮೊದಲು ಕಾಫಿ. ಅಕ್ಕನವರ ನಾಲಿಗೆ ಸರಿಯಾಗಿದೆ, ಪ್ಯಾಕೆಟ್ ಹೇಳಿದ್ದೂ ಸುಳ್ಳಲ್ಲ. ಅದು ತಣ್ಣಗಿನ ಲೆಕ್ಕ, ಅಷ್ಟೆ. ಫ್ರಕ್ಟೋಸ್ ಅಣು ನೀರಿನಲ್ಲಿ ಸುಮ್ನೆ ಒಂದೇ ರೂಪದಲ್ಲಿ ಕೂತಿರುವುದಿಲ್ಲ. ಪುಡಿಯಾಗಿರುವಾಗ ಅದು ಆರು ಮೂಲೆಯ ಉಂಗುರ. ನಾಲಿಗೆಗೆ ಆ ಉಂಗುರ ತುಂಬಾ ಸಿಹಿ. ನೀರಿಗೆ ಬಿದ್ದ ಕೂಡಲೇ ಅದರಲ್ಲಿ ಒಂದಷ್ಟು ಬಿಚ್ಚಿಕೊಂಡು ಐದು ಮೂಲೆಯ ಉಂಗುರವಾಗುತ್ತದೆ, ಅದರಲ್ಲಿ ಸಿಹಿ ಕಡಿಮೆ. ನೀರು ಬಿಸಿಯಾದಷ್ಟೂ ಈ ಎರಡನೇ ರೂಪ ಜಾಸ್ತಿ. ಫ್ರಿಜ್ಜಿನ ತಂಪಿನಲ್ಲಿ ಸಕ್ಕರೆಯನ್ನು ಸುಲಭವಾಗಿ ಮೀರಿಸುವ ಫ್ರಕ್ಟೋಸ್ 40 ಡಿಗ್ರಿ ಹತ್ತಿರ ಬರುವಾಗ ಸಕ್ಕರೆಗೆ ಸಮವಾಗುತ್ತದೆ, 60 ಡಿಗ್ರಿಯಲ್ಲಿ ಸಕ್ಕರೆಗಿಂತ ಹಿಂದೆ ಬೀಳುತ್ತದೆ. ನಮ್ಮ ಫಿಲ್ಟರ್ ಕಾಫಿ ಅದಕ್ಕಿಂತಲೂ ಬಿಸಿ, ಅಲ್ವಾ? ಹಾಗಾಗಿ ಅಕ್ಕನವರು ಎರಡು ಚಮಚ ಸುರಿದುಕೊಂಡು, ಕಡಿಮೆ ಸಿಹಿ ಅನುಭವಿಸಿ, ಹೆಚ್ಚು ಸಕ್ಕರೆ ಕುಡಿದಿದ್ದಾರೆ. ಲೋಟದ ತಳದಲ್ಲಿ ತಣ್ಣಗಾಗಿ ಉಳಿದ ಗುಟುಕು ಇದ್ದಕ್ಕಿದ್ದಂತೆ ಸಿಹಿ ಅನ್ನಿಸಿರಬೇಕು, ಕೇಳಿ ನೋಡಿ.

ಪ್ಯಾಕೆಟ್ ಒಡೆದು ಹಾಗೇ ಇಟ್ಟರೆ ಅದು ಬೇಗ ಜಿಗುಟಾಗುವುದೂ ನಿಮ್ಮ ಗಮನಕ್ಕೆ ಬಂದಿರಬಹುದು. ಗಾಳಿಯ ತೇವವನ್ನು ಎಳೆದುಕೊಳ್ಳುವುದರಲ್ಲಿ ಫ್ರಕ್ಟೋಸ್ ಸಕ್ಕರೆಗಿಂತ ಬಹಳ ಮುಂದೆ.

ಈಗ ಸ್ವಲ್ಪ ಕೆಮಿಸ್ಟ್ರಿ. ಗ್ಲೂಕೋಸ್, ಫ್ರಕ್ಟೋಸ್ ಎರಡರಲ್ಲೂ ಇರುವುದು ಅದೇ 6 ಕಾರ್ಬನ್, 12 ಹೈಡ್ರೋಜನ್, 6 ಆಕ್ಸಿಜನ್. ತೂಕವೂ ಒಂದೇ. ಆರು ಮಣಿಗಳ ಎರಡು ಸರ ಅಂದುಕೊಳ್ಳಿ. ಒಂದು ಆಕ್ಸಿಜನ್ ಎರಡು ಕೈಯಲ್ಲಿ ಹಿಡಿದುಕೊಂಡಿರುವ ಜಾಗ ಗ್ಲೂಕೋಸಿನಲ್ಲಿ ತುದಿಯ ಮಣಿ, ಫ್ರಕ್ಟೋಸಿನಲ್ಲಿ ಅದರ ಪಕ್ಕದ ಎರಡನೇ ಮಣಿ. ವ್ಯತ್ಯಾಸ ಇಷ್ಟೇ. ಕಾಲೇಜಿನ ಲ್ಯಾಬಿನಲ್ಲಿ ಇದನ್ನು ಹಿಡಿಯಲು ಸೆಲಿವನಾಫ್ ಪರೀಕ್ಷೆ ಮಾಡುತ್ತಿದ್ದೆವು. ಎರಡು ಟೆಸ್ಟ್‌ಟ್ಯೂಬಿಗೂ ರೆಸಾರ್ಸಿನಾಲ್ ಮತ್ತು ಹೈಡ್ರೋಕ್ಲೋರಿಕ್ ಆಮ್ಲ ಹಾಕಿ ಬಿಸಿನೀರಿನಲ್ಲಿ ಇಟ್ಟರೆ ಫ್ರಕ್ಟೋಸ್ ಇದ್ದದ್ದು ನೋಡನೋಡುತ್ತಲೇ ಕೆಂಪಾಗುತ್ತದೆ, ಗ್ಲೂಕೋಸಿನದು ಏನೂ ಗೊತ್ತಿಲ್ಲದಂತೆ ಹಾಗೇ ಇರುತ್ತದೆ. ತುಂಬಾ ಹೊತ್ತು ಬಿಟ್ಟರೆ ಅದೂ ತಿಳಿಯಾಗಿ ಬಣ್ಣಕ್ಕೆ ತಿರುಗುತ್ತದೆ. ನನ್ನ ಪಕ್ಕದ ಹುಡುಗ ಹಾಗೆ ಬಿಟ್ಟು, ಪ್ರಾಕ್ಟಿಕಲ್ ಪರೀಕ್ಷೆಯಲ್ಲಿ ಗ್ಲೂಕೋಸನ್ನು ಫ್ರಕ್ಟೋಸ್ ಅಂತ ಬರೆದು ಅಂಕ ಕಳೆದುಕೊಂಡ.

1847ರಲ್ಲಿ ಫ್ರಾನ್ಸಿನ ಕೆಮಿಸ್ಟ್ ದ್ಯುಬ್ರನ್‌ಫೋ ಫ್ರಕ್ಟೋಸನ್ನು ಬೇರೆ ಸಕ್ಕರೆ ಅಂತ ಗುರುತಿಸಿದ. ಫ್ರಕ್ಟೋಸ್ ಅನ್ನುವ ಹೆಸರು ಇಟ್ಟದ್ದು ಹತ್ತು ವರ್ಷದ ನಂತರ, ಇಂಗ್ಲೆಂಡಿನ ವಿಲಿಯಂ ಮಿಲ್ಲರ್. ಬೆಳಕನ್ನು ಎಡಕ್ಕೆ ತಿರುಗಿಸುತ್ತದೆ ಅಂತ ಲೆವುಲೋಸ್ ಅನ್ನುವ ಹೆಸರೂ ಇದೆ. ಪ್ಯಾಕೆಟ್ಟಿನ ಹಿಂದೆ ಸಣ್ಣಕ್ಷರದಲ್ಲಿ ಆ ಹೆಸರಿದ್ದರೆ ಅದೂ ಇದೇ.

ಇನ್ನು ನಿಮ್ಮ ಮೀಟರ್. ಅದು ಸುಳ್ಳು ಹೇಳುತ್ತಿಲ್ಲ. ಸ್ಟ್ರಿಪ್ಪಿನ ತುದಿಯಲ್ಲಿ ಒಂದು ಕಿಣ್ವ ಹಚ್ಚಿರುತ್ತಾರೆ, ಆ ಕಿಣ್ವ ಹಿಡಿಯುವುದು ಗ್ಲೂಕೋಸನ್ನು. ಪಕ್ಕದಲ್ಲೇ ಫ್ರಕ್ಟೋಸ್ ಇದ್ದರೂ ಅದಕ್ಕೆ ಲೆಕ್ಕಕ್ಕಿಲ್ಲ. ಎರಡನೇ ಮಣಿಯ ಕಥೆ ಇಲ್ಲಿ ಕೆಲಸಕ್ಕೆ ಬಂತು ನೋಡಿ. ಮೇಲಾಗಿ ಫ್ರಕ್ಟೋಸ್ ಕೈಬೆರಳ ತುದಿಯ ರಕ್ತದವರೆಗೆ ಬರುವುದೇ ಕಡಿಮೆ. ಕರುಳಿನಿಂದ ಹೊರಟ ರಕ್ತ ಮೊದಲು ಹೋಗುವುದು ಲಿವರಿಗೆ, ಲಿವರ್ ಅದರಲ್ಲಿ ಹೆಚ್ಚಿನದನ್ನು ಅಲ್ಲೇ ಹಿಡಿದುಕೊಂಡುಬಿಡುತ್ತದೆ. ನಾವು ಕಾಫಿಗೆ ಹಾಕುವ ಸಕ್ಕರೆ, ಅಂದರೆ ಸುಕ್ರೋಸ್, ಒಂದು ಗ್ಲೂಕೋಸ್ ಒಂದು ಫ್ರಕ್ಟೋಸ್ ಕೈ ಹಿಡಿದು ನಿಂತ ಜೋಡಿ. ಕರುಳಿನಲ್ಲಿ ಜೋಡಿ ಬೇರೆಯಾಗುತ್ತದೆ. ಸಕ್ಕರೆ ಹಾಕಿದ ದಿನ ನಿಮ್ಮ ಮೀಟರ್ ತೋರಿಸಿದ ಏರಿಕೆ ಹೆಚ್ಚಾಗಿ ಗ್ಲೂಕೋಸಿನ ಆ ಅರ್ಧದ್ದು. ಇನ್ನರ್ಧ ಆ ದಿನವೂ ಕಾಣಲಿಲ್ಲ.

ಹಾಗಾದರೆ ಒಳ್ಳೆಯದೇ ಆಯಿತಲ್ಲ, ಮೀಟರ್ ಏರದಿದ್ದರೆ ತೊಂದರೆ ಏನು ಅಂತ ಕೇಳುತ್ತೀರಿ. ನೀವೊಬ್ಬರೇ ಅಲ್ಲ, ಡಾಕ್ಟರುಗಳೂ ಒಂದು ಕಾಲಕ್ಕೆ ಹಾಗೇ ಅಂದುಕೊಂಡಿದ್ದರು. ಗ್ಲೂಕೋಸಿಗೆ 100 ಅಂತ ಇಟ್ಟರೆ ರಕ್ತದ ಸಕ್ಕರೆ ಏರಿಸುವುದರಲ್ಲಿ ಫ್ರಕ್ಟೋಸಿನದು 20ರ ಆಸುಪಾಸು. ಇನ್ಸುಲಿನ್ನನ್ನೂ ಅದು ನೇರವಾಗಿ ಅಷ್ಟು ಕೆರಳಿಸುವುದಿಲ್ಲ. ಅದಕ್ಕೇ ಡಯಾಬಿಟಿಸ್ ಇದ್ದವರಿಗೆ ಫ್ರಕ್ಟೋಸ್ ಹಾಕಿದ ಬಿಸ್ಕತ್ತು, ಜಾಮ್ ಎಲ್ಲ ಬಂದವು. ಆಮೇಲೆ ರಕ್ತದ ಕೊಬ್ಬಿನ ಲೆಕ್ಕ ನೋಡಿದಾಗ ಉತ್ಸಾಹ ಇಳಿಯಿತು. 2002ರಲ್ಲಿ ಅಮೆರಿಕದ ಡಯಾಬಿಟಿಸ್ ಅಸೋಸಿಯೇಷನ್, ಸಿಹಿಗೆ ಅಂತ ಫ್ರಕ್ಟೋಸ್ ಬೆರೆಸಿಕೊಳ್ಳುವುದನ್ನು ನಾವು ಶಿಫಾರಸು ಮಾಡುವುದಿಲ್ಲ, ಹಣ್ಣು ತರಕಾರಿಯಲ್ಲಿ ತಾನಾಗಿ ಇರುವುದನ್ನು ಬಿಡುವ ಅಗತ್ಯವೂ ಇಲ್ಲ ಅಂತ ಹೇಳಿತು. ನಿಮ್ಮ ಅಳಿಯನಿಗೆ ಆ ಪ್ಯಾಕೆಟ್ ಮಾರಿದವರು 2002ಕ್ಕಿಂತ ಹಿಂದಿನ ಬುದ್ಧಿಯಲ್ಲೇ ಇದ್ದಾರೆ ಅಂತಾಯಿತು.

ಲಿವರಿನಲ್ಲಿ ಏನಾಗುತ್ತದೆ ಅನ್ನುವುದೇ ಇಲ್ಲಿ ಮುಖ್ಯ. ಗ್ಲೂಕೋಸ್ ಜೀವಕೋಶದ ಒಳಗೆ ಒಡೆಯುವ ದಾರಿಯಲ್ಲಿ ಒಂದು ಚೆಕ್‌ಪೋಸ್ಟ್ ಇದೆ. ಶಕ್ತಿ ಸಾಕಷ್ಟಿದ್ದರೆ ಗೇಟು ಬೀಳುತ್ತದೆ, ಇನ್ನು ಬೇಡ ಅಂತ. ಫ್ರಕ್ಟೋಸ್ ಬೇರೆ ಕಿಣ್ವ ಹಿಡಿದು ಆ ಗೇಟಿನ ಆಚೆ ಕಡೆಯಿಂದ ರಸ್ತೆ ಸೇರುತ್ತದೆ, ತಡೆಯುವವರಿಲ್ಲ. ಹಾಗೆ ನುಗ್ಗಿದ್ದೆಲ್ಲ ಕೊಬ್ಬಾಗುತ್ತದೆ ಅಂತ ಕೆಲವರು ಹೆದರಿಸುತ್ತಾರೆ, ಅದು ಅತಿ. ಒಂದು ದೊಡ್ಡ ಪಾಲು ಲಿವರಿನಲ್ಲೇ ಗ್ಲೂಕೋಸಾಗಿ ಬದಲಾಗಿ ನಿಧಾನಕ್ಕೆ ಹೊರಗೆ ಬರುತ್ತದೆ (ನಿಮ್ಮ ಮೀಟರಿನಲ್ಲಿ ಕಂಡ ಸಣ್ಣ ಏರಿಕೆಯಲ್ಲಿ ಅದೂ ಇದೆ), ಇನ್ನೊಂದಷ್ಟು ಲ್ಯಾಕ್ಟೇಟ್ ಆಗುತ್ತದೆ, ಒಂದಷ್ಟು ಗ್ಲೈಕೋಜನ್ ಆಗಿ ಶೇಖರವಾಗುತ್ತದೆ. ಆದರೆ ದಿನಾ ಜಾಸ್ತಿ ಜಾಸ್ತಿ ಬಂದು, ಹೊಟ್ಟೆಗೆ ಬೇಕಾದ್ದಕ್ಕಿಂತ ಹೆಚ್ಚು ಊಟವೂ ಆಗಿ, ಗೋದಾಮು ತುಂಬಿದ್ದರೆ ಲಿವರ್ ಕೊಬ್ಬು ಮಾಡುವ ಕೆಲಸ ಜೋರು ಮಾಡುತ್ತದೆ. ಅದರಲ್ಲಿ ಸ್ವಲ್ಪ ಲಿವರಿನಲ್ಲೇ ಉಳಿಯುತ್ತದೆ, ಸ್ವಲ್ಪ ಟ್ರೈಗ್ಲಿಸರೈಡ್ ಆಗಿ ರಕ್ತಕ್ಕೆ ಇಳಿಯುತ್ತದೆ. ಡಯಾಬಿಟಿಸ್ ಇದ್ದವರಲ್ಲಿ ಇವೆರಡೂ ಮೊದಲೇ ಹೆಚ್ಚಿರುವುದು ಸಾಮಾನ್ಯ. ಅಕ್ಕನವರು ಮುಂದಿನ ಸಲ ರಕ್ತ ಕೊಡುವಾಗ ಲಿಪಿಡ್ ಪ್ರೊಫೈಲ್, ಅಂದರೆ ರಕ್ತದ ಕೊಬ್ಬಿನ ಲೆಕ್ಕ, ಕೂಡ ನೋಡಬೇಕಾ ಅಂತ ಡಾಕ್ಟರನ್ನು ಕೇಳಲಿ. ಬೆರಳು ಚುಚ್ಚಿದರೆ ಸಿಗದ ಉತ್ತರ ಅಲ್ಲಿರುತ್ತದೆ.

ಇನ್ನೊಂದು ಯೂರಿಕ್ ಆಸಿಡ್. ತಡೆಯಿಲ್ಲದೆ ಬಂದ ಫ್ರಕ್ಟೋಸಿಗೆಲ್ಲ ಫಾಸ್ಫೇಟ್ ಅಂಟಿಸುವ ಭರದಲ್ಲಿ ಲಿವರ್ ಕೋಶ ತನ್ನ ಕೈಯಲ್ಲಿದ್ದ ಶಕ್ತಿಯ ಚಿಲ್ಲರೆಯನ್ನು, ಅಂದರೆ ಎಟಿಪಿಯನ್ನು, ಖರ್ಚು ಮಾಡಿಕೊಳ್ಳುತ್ತದೆ. ಆ ಖರ್ಚಿನ ಕಸ ಯೂರಿಕ್ ಆಸಿಡ್ ಆಗುತ್ತದೆ. ಕಾಲಿನ ಹೆಬ್ಬೆರಳು ಊದಿ ಗೌಟ್ ಆದವರಿಗೆ ಸಿಹಿ ಪಾನೀಯ ಬಿಡಿ ಅನ್ನುವುದು ಇದಕ್ಕೇ.

ಫ್ರಕ್ಟೋಸನ್ನು ನಾನು ವಿಷ ಅನ್ನುತ್ತಿಲ್ಲ, ದಯವಿಟ್ಟು ಹಾಗೆ ಓದಬೇಡಿ. ಗಂಡಸಿನ ವೀರ್ಯಾಣುಗಳಿಗೆ ದೇಹವೇ ಫ್ರಕ್ಟೋಸ್ ಮಾಡಿ ಉಣಿಸುತ್ತದೆ. ಆಫ್ರಿಕಾದ ನೆಲದೊಳಗೆ ಬಾಳುವ, ಮೈಮೇಲೆ ಕೂದಲೇ ಇಲ್ಲದಂತಿರುವ ಒಂದು ಜಾತಿಯ ಇಲಿ ಆಕ್ಸಿಜನ್ ಇಲ್ಲದೆ 18 ನಿಮಿಷ ಬದುಕುತ್ತದೆ ಅಂತ 2017ರಲ್ಲಿ ಗೊತ್ತಾಯಿತು. ಅಷ್ಟು ಹೊತ್ತು ಅದರ ಮಿದುಳು, ಹೃದಯ ನಡೆಯುವುದು ಫ್ರಕ್ಟೋಸಿನ ಬಲದಲ್ಲಿ. ಗೇಟಿಲ್ಲದ ರಸ್ತೆ ಅದಕ್ಕೆ ವರ, ಮೂರು ಹೊತ್ತು ಉಂಡು ಕೂತಿರುವ ನಮಗೆ ಅಲ್ಲ.

ಪ್ರಮಾಣ ಮತ್ತು ವೇಗ ಎರಡೂ ಲೆಕ್ಕಕ್ಕೆ ಬರುತ್ತವೆ. 2018ರಲ್ಲಿ ಇಲಿಗಳ ಮೇಲೆ ನಡೆದ ಒಂದು ಅಧ್ಯಯನದಲ್ಲಿ, ಸ್ವಲ್ಪ ಸ್ವಲ್ಪ ಫ್ರಕ್ಟೋಸ್ ಕೊಟ್ಟಾಗ ಸಣ್ಣ ಕರುಳೇ ಅದರಲ್ಲಿ ಬಹುಪಾಲನ್ನು ಗ್ಲೂಕೋಸ್ ಮಾಡಿ ಕಳಿಸಿತು, ಒಮ್ಮೆಲೇ ಸುರಿದಾಗ ಮಾತ್ರ ಉಳಿದದ್ದು ಲಿವರಿಗೆ ಹೋಯಿತು. ಮನುಷ್ಯರಲ್ಲೂ ಪೂರ್ತಿ ಹೀಗೇ ಅಂತ ಹೇಳಲಾರೆ. ಆದರೂ ಹಣ್ಣನ್ನು ಅಗಿದು ತಿನ್ನುವುದಕ್ಕೂ ಅದರ ರಸವನ್ನು ಎರಡು ಗುಟುಕಿನಲ್ಲಿ ಇಳಿಸುವುದಕ್ಕೂ ಇರುವ ವ್ಯತ್ಯಾಸ ಅರ್ಥವಾಗುತ್ತದೆ. ಒಂದು ಸೇಬಿನಲ್ಲಿ ಸುಮಾರು 10 ಗ್ರಾಂ ಫ್ರಕ್ಟೋಸ್ ಇದೆ, ನಾರಿನ ಜೊತೆ. ಮೂರು ಸೇಬು ತಿನ್ನುವಷ್ಟರಲ್ಲಿ ದವಡೆ ನೋಯುತ್ತದೆ. ಮೂರು ಸೇಬಿನ ಜ್ಯೂಸಿಗೆ ಒಂದು ನಿಮಿಷ ಸಾಕು.

ಈಗ ನೀವು ಕೇಳಿದ ಪಟ್ಟಿ. ಜೇನುತುಪ್ಪದಲ್ಲಿ ಫ್ರಕ್ಟೋಸ್ ಸುಮಾರು 38 ಭಾಗ, ಗ್ಲೂಕೋಸ್ 31, ನೀರು 17, ಉಳಿದದ್ದು ಇತರೆ. ಹೆಚ್ಚುಕಡಿಮೆ ಬಿಡಿಬಿಡಿಯಾಗಿ ಬಂದ ಸಕ್ಕರೆಯೇ. ಚಳಿಗಾಲದಲ್ಲಿ ಬಾಟಲಿಯ ತಳ ಹರಳುಗಟ್ಟಿದರೆ ಕಲಬೆರಕೆ ಅಂತ ಅಂಗಡಿಯವನ ಜೊತೆ ಜಗಳ ಬೇಡ, ಗಟ್ಟಿಯಾದದ್ದು ಗ್ಲೂಕೋಸ್, ಮೇಲೆ ತೆಳ್ಳಗೆ ನಿಂತದ್ದರಲ್ಲಿ ಫ್ರಕ್ಟೋಸ್ ಹೆಚ್ಚು. ಬೆಲ್ಲ ಬಹುಪಾಲು ಸುಕ್ರೋಸ್. ಅದರ ಬಣ್ಣ ನೋಡಿ ಶುಗರ್ ಇದ್ದವರು ಧೈರ್ಯ ಮಾಡುವುದನ್ನು ನಮ್ಮ ಮನೆಯಲ್ಲೂ ಕಂಡಿದ್ದೇನೆ, ಮೀಟರಿಗೆ ಬಣ್ಣ ಗೊತ್ತಾಗುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಸಕ್ಕರೆಗೆ ಹೇಳಿದ ಮಿತಿ, ಅಂದರೆ ದಿನದ ಶಕ್ತಿಯ 10 ಶೇಕಡಾಕ್ಕಿಂತ ಕಡಿಮೆ, 2,000 ಕ್ಯಾಲೊರಿ ತಿನ್ನುವವರಿಗೆ 50 ಗ್ರಾಂ ಒಳಗೆ, ಜೇನುತುಪ್ಪವನ್ನೂ ಹಣ್ಣಿನ ರಸವನ್ನೂ ಸೇರಿಸಿಯೇ ಹೇಳಿದ್ದು. ಇಡೀ ಹಣ್ಣು ಆ ಲೆಕ್ಕದಲ್ಲಿಲ್ಲ. ಹಾಗಂತ ಅಕ್ಕನವರು ಒಂದೇ ಸಲ ಮೂರು ಮಾವಿನಹಣ್ಣು ಮುಗಿಸಬಹುದು ಅಂತಲ್ಲ. ಮಾವಿನಲ್ಲಿ ಸುಕ್ರೋಸೂ ಗ್ಲೂಕೋಸೂ ಇವೆ, ಮೀಟರ್ ಅದನ್ನು ಚೆನ್ನಾಗಿಯೇ ತೋರಿಸುತ್ತದೆ. ಊಟದಲ್ಲಿ ಅನ್ನ ಸ್ವಲ್ಪ ಇಳಿಸಿ ಎರಡು ಹೋಳು ತಿಂದು ನೋಡಬಹುದಾ ಅಂತ ಡಾಕ್ಟರನ್ನು ಕೇಳುವುದರಲ್ಲಿ ತಪ್ಪಿಲ್ಲ.

ನೀವು ಕೇಳದ ಒಂದು ವಿಷಯ. ಕೋಟಿಗೆ ಲೆಕ್ಕ ಹಾಕುವಷ್ಟು ಜನ ಇರುವ ನಮ್ಮಲ್ಲಿ ಫ್ರಕ್ಟೋಸ್ ಒಡೆಯುವ ಕಿಣ್ವವೇ ಸರಿಯಿಲ್ಲದೆ ಹುಟ್ಟುವ ಮಕ್ಕಳೂ ಅಪರೂಪಕ್ಕೆ ಇರುತ್ತಾರೆ. ತಾಯಿಯ ಹಾಲಿನಲ್ಲಿ ಫ್ರಕ್ಟೋಸ್ ಇಲ್ಲ, ಅಲ್ಲಿಯವರೆಗೆ ಮಗು ಚೆನ್ನಾಗಿರುತ್ತದೆ. ಹಣ್ಣು, ಸಕ್ಕರೆ ತಿನ್ನಿಸಲು ಶುರು ಮಾಡಿದ ಮೇಲೆ ವಾಂತಿ, ಸುಸ್ತು. ಈ ತೊಂದರೆಯನ್ನು ವೈದ್ಯರು ಮೊದಲು ವಿವರಿಸಿದ್ದು 1956ರಲ್ಲಿ. ಸಿಹಿ ಕಂಡರೆ ತಾವಾಗೇ ದೂರ ಸರಿದು ಬೆಳೆದ ಇಂಥವರ ಹಲ್ಲು ಹುಳುಕಿಲ್ಲದೆ ಫಳಫಳ ಅನ್ನುತ್ತದಂತೆ. ಇದಕ್ಕೂ, ಸೇಬು ಕಲ್ಲಂಗಡಿ ತಿಂದರೆ ಹೊಟ್ಟೆ ಉಬ್ಬುವ ನಮ್ಮಂಥವರ ತೊಂದರೆಗೂ ಸಂಬಂಧ ಇಲ್ಲ. ನಮ್ಮದು ಕರುಳು ಫ್ರಕ್ಟೋಸನ್ನು ಪೂರ್ತಿ ಹೀರಿಕೊಳ್ಳದ ಕಥೆ, ಉಳಿದದ್ದನ್ನು ಬ್ಯಾಕ್ಟೀರಿಯಾ ತಿಂದು ಗ್ಯಾಸ್ ಮಾಡುತ್ತವೆ.

ಪ್ಯಾಕೆಟ್ ಇನ್ನೂ ಉಳಿದಿದ್ದರೆ ಎಸೆಯಿರಿ ಅನ್ನುವುದಿಲ್ಲ, ಶುಗರ್ ಇಲ್ಲದ ನಿಮಗೆ ಬೇಸಿಗೆಯಲ್ಲಿ ತಣ್ಣನೆಯ ನಿಂಬೆಹಣ್ಣಿನ ಪಾನಕಕ್ಕೆ ಆದೀತು, ಕಡಿಮೆ ಹಾಕಿದರೂ ಸಿಹಿ ಸಿಗುತ್ತದೆ. ಆದರೆ ಒಂದು ಕೆಲಸ ಇವತ್ತೇ ಮಾಡಿ. ಅಕ್ಕನವರು ಮಾತ್ರೆಯನ್ನೋ ಇನ್ಸುಲಿನ್ನನ್ನೋ ತೆಗೆದುಕೊಳ್ಳುತ್ತಿದ್ದರೆ ಯಾವತ್ತಾದರೂ ಶುಗರ್ ತುಂಬಾ ಇಳಿದು ಕೈ ನಡುಗಿ ಬೆವರಬಹುದು. ಆ ಹೊತ್ತಿನಲ್ಲಿ ಗಾಬರಿಯಿಂದ ಈ ಪುಡಿಯನ್ನು ನೀರಿಗೆ ಕದಡಿ ಕೊಟ್ಟರೆ ಬೇಗ ಏರುವುದಿಲ್ಲ, ಮಿದುಳಿಗೆ ಆಗ ಬೇಕಿರುವುದು ಗ್ಲೂಕೋಸ್. ಎರಡೂ ಬಿಳಿ ಪುಡಿ, ಎರಡೂ ಸಿಹಿ. ಗ್ಲೂಕೋಸ್ ಡಬ್ಬಿಯ ಮೇಲೆ ದಪ್ಪ ಅಕ್ಷರದಲ್ಲಿ ಹೆಸರು ಬರೆದು ಅಡುಗೆಮನೆಯಲ್ಲಿ ಕೈಗೆ ಸಿಗುವ ಕಡೆ ಇಡಿ, ಈ ಪ್ಯಾಕೆಟ್ ಮೇಲಿನ ಅಟ್ಟಕ್ಕೆ ಹೋಗಲಿ.

- ಸಂ.