ಬೆಳದಿಂಗಳಿಗೆ ಎಷ್ಟು ಬಿಳಿ ಬೇಕು?

ಪ್ರಶ್ನೆ: ರಷ್ಯದ ಕಡಲ ಚಿತ್ರಕಾರ ಐವಜೋವ್‌ಸ್ಕಿಯ ಬೆಳದಿಂಗಳ ಕಾನ್‌ಸ್ಟಾಂಟಿನೋಪಲ್ ಚಿತ್ರವನ್ನು 60×40 ಸೆಂ.ಮೀ. ಕ್ಯಾನ್ವಾಸಿನಲ್ಲಿ ಎಣ್ಣೆ ಬಣ್ಣದಿಂದ ನಕಲು ಮಾಡುತ್ತಿದ್ದೇನೆ. ನೀರಿನ ಮೇಲಿನ ಬೆಳಕು ಸೀಮೆಸುಣ್ಣ ಬಳಿದ ಹಾಗೆ ಕಾಣುತ್ತಿದೆ. ಎಷ್ಟು ಬಿಳಿ ಹಾಕಿದರೂ ಹೊಳಪಿಲ್ಲ. ಏಕೆ?
– ಓದುಗರು, ಮಂಗಳೂರು

ಉತ್ತರ: ಬಿಳಿ ಹೆಚ್ಚಾಗಿದೆ, ಕಪ್ಪು ಸಾಲದು. 1845ರಲ್ಲಿ ಆ ನಗರವನ್ನು ನೋಡಿ ಬಂದ ಐವಜೋವ್‌ಸ್ಕಿ ಮರುವರ್ಷ ಬಿಡಿಸಿದ ಚಿತ್ರವಿದು. ಸೇಂಟ್ ಪೀಟರ್ಸ್‌ಬರ್ಗಿನ ರಷ್ಯನ್ ಮ್ಯೂಸಿಯಂನಲ್ಲಿರುವ ಮೂಲದ ಅಳತೆ 124×192 ಸೆಂ.ಮೀ. ಅದರ ಬೆಳಕು ನೀಲಿಗಿಂತ ಹಸಿರು ಬೆರೆತ ಹೊನ್ನಿನ ಕಡೆಗೇ ವಾಲುತ್ತದೆ. ಟೈಟಾನಿಯಂ ಬಿಳಿಗೆ ಅಲ್ಟ್ರಾಮರೀನ್ (ಗಾಢ ನೀಲಿ) ಬೆರೆಸಿದರೆ ಆ ಬಣ್ಣ ಬರುವುದಿಲ್ಲ, ಸುಣ್ಣದ ಗೋಡೆ ಬರುತ್ತದೆ.

ಕತ್ತಲಿಗೆ ಎರಡು ಪಾಲು ಅಲ್ಟ್ರಾಮರೀನ್, ಒಂದು ಪಾಲು ಬರ್ನ್ಟ್ ಅಂಬರ್ (ಗಾಢ ಕಂದು) ಸಾಕು, ಬಿಳಿ ಬೇಡ. ತೆಳುವಾಗಿ ಹಚ್ಚಿ ಒಣಗಲು ಬಿಡಿ. ಬೇಸಿಗೆಯಲ್ಲಿ ನಾಲ್ಕೈದು ದಿನ, ನಿಮ್ಮೂರಿನ ಮಳೆಗಾಲದಲ್ಲಿ ಅದಕ್ಕಿಂತ ಹೆಚ್ಚು. ಹಸಿ ಬಣ್ಣದ ಮೇಲೆ ಬೆಳಕಿನ ಮಿಂಚು ಇಡಲು ಹೋದರೆ ಕುಂಚ ಕೆಳಗಿನ ನೀಲಿಯನ್ನು ಎತ್ತಿಕೊಂಡು, ಬಿಳಿ ಬೂದು ಬಣ್ಣಕ್ಕೆ ತಿರುಗುತ್ತದೆ. ನಿಮ್ಮಲ್ಲಿ ಆಗಿರುವುದು ಬಹುಶಃ ಇದೇ.

ಒಣಗಿದ ಮೇಲೆ ಬಿಳಿಗೆ ಚಿಟಿಕೆ ನೇಪಲ್ಸ್ ಹಳದಿ ಬೆರೆಸಿ ಗಟ್ಟಿಯಾಗಿಯೇ ಇಡಿ. ಒಂದು ಗೆರೆಗೆ ಒಂದೇ ಸ್ಪರ್ಶ, ತಿದ್ದಬೇಡಿ. ಎರಡು ಮೂರು ಗೆರೆಗೊಮ್ಮೆ ಕುಂಚ ಒರೆಸಿ. ದಿಗಂತದ ಬಳಿ ಗೆರೆಗಳು ಸಣ್ಣಗೆ, ಒತ್ತೊತ್ತಾಗಿ ಇರಲಿ. ಹತ್ತಿರ ಬಂದಂತೆ ಅಗಲವಾಗಿ, ನಡುವೆ ಕತ್ತಲು ಬಿಟ್ಟು. ಅತಿ ಬೆಳಕಿನ ಬಣ್ಣ ಚಂದ್ರನಿಗೆ ಮತ್ತು ಅದರ ಕೆಳಗಿನ ನಾಲ್ಕಾರು ಮಿಂಚುಗಳಿಗೆ ಮಾತ್ರ. ಕಣ್ಣು ಕಿರಿದು ಮಾಡಿ ನೋಡಿದಾಗ ಬೇರೆಲ್ಲಾದರೂ ಬಿಳಿ ಎದ್ದು ಕಂಡರೆ ಅದನ್ನು ಇಳಿಸಿ.

ಪ್ರಶ್ನೆ: ಇದೇ ಶೈಲಿಯಲ್ಲಿ ಕಾರವಾರ ಬಂದರಿನ ಹುಣ್ಣಿಮೆ ಸಂಜೆಯನ್ನು ಬಿಡಿಸಬೇಕೆಂದಿದ್ದೇನೆ. ಕಡಲ ಮೇಲಿನ ಚಂದ್ರ ಎಷ್ಟು ದೊಡ್ಡದಿರಬೇಕು?

ಉತ್ತರ: ಮೊದಲು ಹೊತ್ತು ಬದಲಿಸಿ. ಹುಣ್ಣಿಮೆಯ ಚಂದ್ರ ಸಂಜೆ ಪೂರ್ವದಲ್ಲಿ, ಅಂದರೆ ಬೆಟ್ಟಗಳ ಕಡೆ ಹುಟ್ಟುತ್ತಾನೆ. ಪಡುಗಡಲ ಮೇಲೆ ತಗ್ಗಿ ಕಾಣುವುದು ಬೆಳಗಿನ ಜಾವಕ್ಕೆ. ಸಂಜೆಯೇ ಬೇಕೆಂದರೆ ಶುಕ್ಲ ಪಕ್ಷದ ತದಿಗೆ, ಚೌತಿಯ ಚಂದ್ರನನ್ನು ಹಾಕಿ. ಇನ್ನು ಗಾತ್ರ: ಚಂದ್ರನ ಅಗಲ ನಮ್ಮ ಕಣ್ಣಿಗೆ ಸುಮಾರು ಅರ್ಧ ಡಿಗ್ರಿ. 60 ಸೆಂ.ಮೀ. ಕ್ಯಾನ್ವಾಸಿನಲ್ಲಿ 40 ಡಿಗ್ರಿಯಷ್ಟು ನೋಟ ತುಂಬಿದ್ದರೆ ಚಂದ್ರ 7–8 ಮಿ.ಮೀ. ಮಾತ್ರ. ಒಂದೂವರೆ ಪಟ್ಟು ಹಿಗ್ಗಿಸಿದರೆ ಯಾರೂ ಜಗಳಕ್ಕೆ ಬರುವುದಿಲ್ಲ. ರೂಪಾಯಿ ನಾಣ್ಯದಷ್ಟಾದರೆ ಕ್ಯಾಲೆಂಡರ್ ಚಿತ್ರವಾಗುತ್ತದೆ.

ಪ್ರಶ್ನೆ: ಕತ್ತಲಿನ ಭಾಗ ಅಲ್ಲಲ್ಲಿ ಮಂಕಾಗಿದೆ. ವಾರ್ನಿಷ್ ಹಚ್ಚಲೇ?

ಉತ್ತರ: ಈಗಲೇ ಬೇಡ. ಕೆಳಗಿನ ಲೇಪ ಎಣ್ಣೆ ಹೀರಿಕೊಂಡಿದೆ. ಬಣ್ಣ ಮುಟ್ಟಿದರೆ ಅಂಟದಷ್ಟು ಒಣಗಿದ ಮೇಲೆ ಅಗಸೆ ಎಣ್ಣೆ, ಟರ್ಪಂಟೈನ್ ಸಮಪಾಲು ಬೆರೆಸಿ ಮಂಕಾದ ಕಡೆ ಮಾತ್ರ ತೆಳುವಾಗಿ ಸವರಿ, ಮಿಕ್ಕಿದ್ದನ್ನು ಎಳೆ ಬಿಡದ ಬಟ್ಟೆಯಿಂದ ಒರೆಸಿ ತೆಗೆಯಿರಿ. ವಾರ್ನಿಷ್‌ಗೆ ಆರು ತಿಂಗಳಿಂದ ಒಂದು ವರ್ಷ ಕಾಯಿರಿ. ಮಿಂಚುಗಳನ್ನು ದಪ್ಪಗೆ ಇಟ್ಟಿದ್ದರೆ ವರ್ಷವೇ ಸರಿ.