‘ಕಮ್’ಗೆ ‘ಹೋಮ್’ ಪ್ರಾಸವಾಗುವುದಿಲ್ಲವೇ? – ಪ್ರತಿಕ್ರಿಯೆ

ಎರಡನೇ ತರಗತಿಯ ಮಗಳು ‘ಕಮ್’ ಪಕ್ಕದಲ್ಲಿ ‘ಹೋಮ್’ ಎಂದು ಬರೆದದ್ದಕ್ಕೆ ತಪ್ಪು ಬಿದ್ದಿದೆ ಎಂದಿದ್ದೀರಿ. ಬಹುಶಃ ಅವಳು ಕಣ್ಣಿನಿಂದ ಪ್ರಾಸ ಹುಡುಕಿದ್ದಾಳೆ. ಎರಡೂ ಪದಗಳ ಕೊನೆಯಲ್ಲಿ ಒ, ಎಂ, ಇ ಇವೆ. ಬರೆದಂತೆ ಓದುವ ಕನ್ನಡದ ಅಭ್ಯಾಸ ಇಲ್ಲಿ ಕೈಕೊಡುತ್ತದೆ. ಇಂಗ್ಲಿಷ್ ಪ್ರಾಸಕ್ಕೆ ಕಿವಿಯೇ ಸಾಕ್ಷಿ: ಒತ್ತು ಬೀಳುವ ಸ್ವರದಿಂದ ಕೊನೆಯವರೆಗೆ ಸದ್ದು ಒಂದೇ ಇರಬೇಕು. (ಹಳಗನ್ನಡ ಪದ್ಯದಲ್ಲಿ ಸಾಲಿನ ಎರಡನೇ ಅಕ್ಷರಕ್ಕೆ ಪ್ರಾಸ. ಮನೆಯ ಹಿರಿಯರು ಪಾಠ ಹೇಳುತ್ತಿದ್ದರೆ ಎರಡನ್ನೂ ಬೆರೆಸದಂತೆ ನೋಡಿಕೊಳ್ಳಿ.)

ಮೊದಲು ಪುಸ್ತಕ ಮುಚ್ಚಿಸಿ, ಪದವನ್ನು ಜೋರಾಗಿ ಹೇಳಿಸಿ. ಆಮೇಲೆ ಮೊದಲ ವ್ಯಂಜನವನ್ನು ಬಿಟ್ಟು ಹೇಳಿಸಿ: ಒಂದರಲ್ಲಿ ‘ಅಮ್’ ಉಳಿಯುತ್ತದೆ, ಇನ್ನೊಂದರಲ್ಲಿ ‘ಓಮ್’. ಈಗ ‘ಅಮ್’ ಗುಂಪಿಗೆ ಸಮ್ (ಮೊತ್ತ), ಗಮ್ (ಅಂಟು, ವಸಡು ಎರಡೂ), ಥಮ್ (ಹೆಬ್ಬೆರಳು) ಸೇರಿಸಿ. ‘ಓಮ್’ ಗುಂಪಿಗೆ ಫೋಮ್ (ನೊರೆ), ರೋಮ್ (ಅಲೆದಾಡು), ಕೋಮ್ (ಬಾಚಣಿಗೆ), ಡೋಮ್ (ಗುಮ್ಮಟ). ಕೊನೆಯದಕ್ಕೆ ವಿಧಾನಸೌಧವನ್ನು ತೋರಿಸಿದರೆ ಅರ್ಥ ಮರೆಯುವುದಿಲ್ಲ. ಹೆಬ್ಬೆರಳು, ಬಾಚಣಿಗೆ ಎರಡರ ಕೊನೆಯಲ್ಲೂ ‘ಬಿ’ ಮೂಕವಾಗಿ ಕುಳಿತಿರುತ್ತದೆ, ಅದನ್ನು ಉಚ್ಚರಿಸಬಾರದು. ಬರೆಯಿಸುವುದು ಎಲ್ಲಕ್ಕಿಂತ ಕೊನೆಗೆ.

ಕೆಲವು ಪದಗಳಲ್ಲಿ ಖಚಿತ ಉತ್ತರವಿಲ್ಲ. ‘ಮತ್ತೆ’ ಎಂಬರ್ಥದ ಪದವನ್ನು ಅಗೆನ್, ಅಗೇನ್ ಎಂದು ಎರಡು ರೀತಿ ಹೇಳುತ್ತಾರೆ. ಮೊದಲನೆಯದಕ್ಕೆ ಟೆನ್, ಎರಡನೆಯದಕ್ಕೆ ರೇನ್ ಹೊಂದುತ್ತದೆ. ಅಂಥ ಪದ ಬಂದರೆ ತರಗತಿಯಲ್ಲಿ ಹೇಗೆ ಹೇಳಿಕೊಡುತ್ತಾರೆ ಎಂದು ಟೀಚರ್ ಬಳಿ ಕೇಳಿ, ಅದನ್ನೇ ಬರೆಯಿಸಿ.